ಕಿತ್ತಳೆ ಬಣ್ಣದ ಕೇಬಲ್

ಮೊನ್ನೆ ಭಾವನ ಹೈಬ್ರಿಡ್ ಕಾರನ್ನು ನಮ್ಮ ಬೀದಿಯ ಗ್ಯಾರೇಜಿಗೆ ಒಯ್ದಿದ್ದೆ. ಸದ್ದಿಲ್ಲವಲ್ಲ, ಆಫ್ ಆಗಿದೆ ಅಂದುಕೊಂಡು ಹುಡುಗ ಬಾನೆಟ್ ಎತ್ತಿ ಕೈ ಹಾಕಿಯೇಬಿಟ್ಟ. ಒಳಗೆ 'ರೆಡಿ' ದೀಪ ಉರೀತಿತ್ತು! ನಾನು ಕೂಗಿಕೊಂಡೆ, ಅವನು ಕೈ ಎಳೆದುಕೊಂಡ. ಮರುಕ್ಷಣವೇ ಇಂಜಿನ್ ತಾನಾಗಿ ಗುರ್ ಅಂತು...

ಪೆಟ್ರೋಲು, ಕರೆಂಟು ಎರಡನ್ನೂ ಒಂದೇ ಗಾಡಿಗೆ ಕಟ್ಟುವ ಯೋಚನೆ ಹಳೆಯದು. ಫರ್ಡಿನಾಂಡ್ ಪೋರ್ಷೆ 1900ರಲ್ಲೇ ಅಂಥದ್ದೊಂದನ್ನು ಮಾಡಿದ್ದ. ಆದರೆ ಜನರ ಕೈಗೆ ಸಿಕ್ಕಿದ್ದು 1997ರ ಡಿಸೆಂಬರಿನಲ್ಲಿ, ಜಪಾನಿನಲ್ಲಿ, ಟೊಯೋಟಾ ಪ್ರಿಯಸ್ ಬಂದಾಗ. ಅದರ ಬ್ಯಾಟರಿ 288 ವೋಲ್ಟಿನದು. 12 ವೋಲ್ಟಿನ ಜೊತೆ ಆಡಿಕೊಂಡು ಬೆಳೆದ ಮೆಕ್ಯಾನಿಕ್ಕುಗಳು ಮತ್ತೆ ಪಾಠ ಕಲಿಯಬೇಕಾಯ್ತು. ಹೈವೋಲ್ಟೇಜ್ ಕೇಬಲ್ಲುಗಳಿಗೆ ಕಿತ್ತಳೆ ಬಣ್ಣ ಕೊಟ್ಟಿದ್ದೂ ಈ ಎಚ್ಚರಿಕೆಗೇ. 2004ರ ಮಾದರಿಯಲ್ಲಿ ಬ್ಯಾಟರಿ 201.6 ವೋಲ್ಟಿಗೆ ಇಳಿಯಿತು, ಸರಿ. ಆದರೆ ಮೋಟಾರಿಗಾಗಿ ಅದನ್ನೇ 500 ವೋಲ್ಟಿನ ತನಕ ಏರಿಸುವ ಕನ್ವರ್ಟರ್ ಬಂದು ಕೂತಿತು!

ಹಾಗಾಗಿ ಬರೀ ಆಫ್ ಮಾಡಿದರೆ ಸಾಲದು. ಹೈವೋಲ್ಟೇಜ್ ಭಾಗ ಮುಟ್ಟುವವರು ಇನ್ಸುಲೇಟೆಡ್ ಗ್ಲೌಸ್ ಹಾಕಿ, ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರ್ ಬರಿದಾಗಲು ಐದು-ಹತ್ತು ನಿಮಿಷ ಕಾದು, ಮೀಟರ್ ಹಿಡಿದು ನೋಡಬೇಕು. ನಮ್ಮಂಥ ಓಡಿಸುವವರ ಕೆಲಸ ಚಿಕ್ಕದು: ಪ್ರಿಯಸ್‌ನಲ್ಲಿ ಹಿಂದಿನ ಸೀಟಿನ ಪಕ್ಕ ಬ್ಯಾಟರಿ ತಣಿಸುವ ಗಾಳಿಕಿಂಡಿ ಇದೆ, ಅದಕ್ಕೆ ಬ್ಯಾಗು ಒತ್ತಬಾರದು. (ಭಾವ ಅಕ್ಕಿ ಮೂಟೆಯನ್ನೇ ಒರಗಿಸಿದ್ದರು!)

ಸದ್ದಿಲ್ಲದ ಗಾಡಿ ಕುರುಡರಿಗೆ ಅಪಾಯ ಅಂತ ಅಮೆರಿಕದ ಸಂಸತ್ತು 2010ರ ಕೊನೆಯಲ್ಲಿ ಕಾನೂನನ್ನೇ ತಂದಿತು. ನಮ್ಮ ಬಿಡದಿಯಲ್ಲೂ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯ್ತು.

ಆ ಹುಡುಗ ಈಗ ಹೈಬ್ರಿಡ್ ಬಂದರೆ, ಕೀಲಿಯನ್ನು ಎದುರಿನ ಬೀಡಾ ಅಂಗಡಿಯಲ್ಲಿ ಇಟ್ಟು ಬಂದೇ ಬಾನೆಟ್ ಎತ್ತುತ್ತಾನೆ.