ಛಾಯಾಗ್ರಹಣದ ಹವ್ಯಾಸವು ನಡೆದುಬಂದ ದಾರಿ

ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಾಣದ ಕನ್ನಡಿಗರು ವಿರಳ. ೨೦೧೭ರಿಂದೀಚೆಗೆ ಅಚ್ಚಾದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿಯೂ ಅದರ ಚಿತ್ರವಿರುವುದರಿಂದ, ಹಂಪೆಗೆ ಹೋಗದವರು ಕೂಡ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಆದರೆ ಆ ರಥದ ಮೇಲೆ ಒಂದಾನೊಂದು ಕಾಲದಲ್ಲಿ ಇಟ್ಟಿಗೆ ಗಾರೆಗಳ ಶಿಖರವೊಂದಿದ್ದಿತೆಂಬುದನ್ನು ಬಲ್ಲವರು ಕಡಮೆ. ಆ ಶಿಖರವು ಈಗ ಇಲ್ಲ. ಇದ್ದಿತೆಂಬುದನ್ನು ನಮ್ಮ ಕಣ್ಣಿಗೆ ತೋರಿಸಿಕೊಡುವುದು ೧೮೫೬ರಲ್ಲಿ ತೆಗೆದ ಒಂದು ಛಾಯಾಚಿತ್ರ. ಅದನ್ನು ತೆಗೆದವನು ಅಲೆಗ್ಜಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ. ಚಿತ್ರ ತೆಗೆಯುವುದು ಅವನ ಉದ್ಯೋಗವಾಗಿರಲಿಲ್ಲ; ಅದು ಅವನ ಹವ್ಯಾಸವಾಗಿತ್ತು.

ಹಂಪೆಯು ಅಂದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನಮ್ಮ ಆದವಾನಿ, ರಾಯದುರ್ಗಗಳೂ ೧೯೫೩ರಲ್ಲಿ ಆಂಧ್ರಕ್ಕೆ ಸೇರುವವರೆಗೆ ಅದೇ ಜಿಲ್ಲೆಯ ತಾಲ್ಲೂಕುಗಳಾಗಿದ್ದುವು. ಆದುದರಿಂದ ಗ್ರೀನ್‌ಲಾನ ಪೆಟ್ಟಿಗೆಯನ್ನು ನಮ್ಮ ಸೀಮೆಗೆ ಬಂದ ಹಳೆಯ ಕ್ಯಾಮರಾಗಳಲ್ಲಿ ಒಂದೆಂದು ನಾವು ಎಣಿಸಿದರೆ ತಪ್ಪಾಗದು.

ಅಂದಿನ ಹವ್ಯಾಸವು ಎಂತಹ ದುಡಿಮೆಯಾಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ೧೮೩೯ರಲ್ಲಿ ಫ್ರಾನ್ಸಿನ ದಾಗೇರನು ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಬಿಂಬವನ್ನು ನಿಲ್ಲಿಸುವ ವಿಧಾನವನ್ನು ಲೋಕಕ್ಕೆ ತಿಳಿಸಿದನು. ಇಂಗ್ಲೆಂಡಿನ ಟಾಲ್ಬಟನು ಅದೇ ಕಾಲದಲ್ಲಿ ಕಾಗದವನ್ನು ಬಳಸುವ ಬೇರೊಂದು ಮಾರ್ಗವನ್ನು ಹಿಡಿದಿದ್ದನು. ೧೮೫೧ರಲ್ಲಿ ಆರ್ಚರನು ಗಾಜಿನ ಫಲಕಕ್ಕೆ ಕೊಲೋಡಿಯನ್ ಬಳಿಯುವ ಕ್ರಮವನ್ನು ಪ್ರಕಟಿಸಿದನು. ಗಾಜಿನ ಮೇಲೆ ಚಿತ್ರವು ನಿಚ್ಚಳವಾಗಿ ಮೂಡುತ್ತಿತ್ತು, ನಿಜ. ಆದರೆ ಫಲಕವು ಹಸಿಯಾಗಿರುವಾಗಲೇ ಲೇಪನ, ಚಿತ್ರಗ್ರಹಣ, ರಾಸಾಯನಿಕ ಸಂಸ್ಕಾರ ಈ ಮೂರೂ ಮುಗಿಯಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಅದು ಎಷ್ಟು ಹೊತ್ತು ಹಸಿಯಾಗಿ ಉಳಿದೀತು? ಗ್ರೀನ್‌ಲಾನು ಟಾಲ್ಬಟನ ಕಾಗದದ ಮಾರ್ಗವನ್ನೇ ಹಿಡಿದುದರ ಮರ್ಮವನ್ನು ನಾವು ಇಲ್ಲಿಯೇ ಕಾಣುತ್ತೇವೆ. ಮೇಣ ಹಿಡಿಸಿದ ಕಾಗದವನ್ನು ಬೆಳ್ಳಿಯ ಲವಣಗಳಲ್ಲಿ ಅದ್ದಿ, ಮುಂಚಿತವಾಗಿಯೇ ಸಿದ್ಧಪಡಿಸಿಟ್ಟುಕೊಳ್ಳಬಹುದಾಗಿತ್ತು. ನೆಗೆಟಿವನ್ನು ಹಿಗ್ಗಿಸಿ ಅಚ್ಚು ತೆಗೆಯುವ ಸೌಕರ್ಯವು ಇನ್ನೂ ಬಳಕೆಗೆ ಬಂದಿರಲಿಲ್ಲ. ದೊಡ್ಡ ಚಿತ್ರ ಬೇಕಾದರೆ ನೆಗೆಟಿವೂ ಅಷ್ಟೇ ದೊಡ್ಡದಾಗಿರಬೇಕು. ಅದನ್ನು ಹಿಡಿಸುವ ಪೆಟ್ಟಿಗೆಯೂ ಅಷ್ಟೇ ದೊಡ್ಡದಾಗಿರಬೇಕು. ಅಡಿಗೂ ಮಿಕ್ಕಿದ ಅಗಲವುಳ್ಳ ಇಂತಹ ಕಾಗದಗಳಲ್ಲಿ ಅವನು ಹಂಪೆಯ ಅರವತ್ತರಷ್ಟು ನೋಟಗಳನ್ನು ಸೆರೆಹಿಡಿದನು.

ಈ ಚಿತ್ರಗಳನ್ನು ನೋಡುವವರಿಗೆ ಎದ್ದುಕಾಣುವ ಸಂಗತಿಯೊಂದುಂಟು. ಅವುಗಳಲ್ಲಿ ಕಲ್ಲೇ ಪ್ರಧಾನ, ಮನುಷ್ಯರು ಅತಿ ವಿರಳ. ಕಾಗದದ ಮೇಲೆ ಬೆಳಕು ಕೆಲಸ ಮಾಡಲು ನಿಮಿಷಗಟ್ಟಲೆ ಕಾಲ ಬೇಕಾಗುತ್ತಿತ್ತು. ಕಂಬವು ಅಲುಗದೆ ನಿಂತೀತು. ದನ ಕಾಯುವ ಹುಡುಗನು ನಿಂತಾನೆಯೆ? ನಡೆದು ಹೋದವರ ಗುರುತೇ ಚಿತ್ರದಲ್ಲಿ ಉಳಿಯುತ್ತಿರಲಿಲ್ಲ. ಮೊದಲ ತಲೆಮಾರಿನ ಹವ್ಯಾಸಿಗಳು ನಮ್ಮ ನಾಡಿನ ಗುಡಿಗೋಪುರಗಳನ್ನು ಉಳಿಸಿಕೊಟ್ಟರು, ಜನರನ್ನು ಉಳಿಸಿಕೊಡಲಿಲ್ಲ. ಇದಕ್ಕೆ ಅವರ ಅಭಿರುಚಿ ಒಂದು ಕಾರಣವಾದರೆ, ಬೆಳ್ಳಿಯ ಲವಣದ ನಿಧಾನವು ಮತ್ತೊಂದು ಕಾರಣ. ಛಾಯಾಗ್ರಹಣದ ಹವ್ಯಾಸದ ಮುಂದಿನ ಇತಿಹಾಸವೆಲ್ಲವೂ ಈ ನಿಧಾನವು ಕಳೆಯುತ್ತ ಬಂದುದರ ಇತಿಹಾಸವೆಂದೇ ನಮಗೆ ತೋರುತ್ತದೆ. ಒಂದು ಚಿತ್ರಕ್ಕೆ ತೆರಬೇಕಾದ ಕಾಲ ಮತ್ತು ಹಣ ಕಡಮೆಯಾದಂತೆಲ್ಲ ಕ್ಯಾಮರಾ ಹಿಡಿಯುವ ಕೈಗಳೂ ಬದಲಾದುವು, ಅದರ ಮುಂದೆ ನಿಲ್ಲುವ ಮುಖಗಳೂ ಬದಲಾದುವು.

ಗ್ರೀನ್‌ಲಾನಿಗಿಂತ ಸ್ವಲ್ಪ ಮುಂಚೆ, ೧೮೫೪ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿದ್ದ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ಬೇಲೂರು ಹಳೇಬೀಡುಗಳಿಗೆ ಹೋಗಿ ಚಿತ್ರಗಳನ್ನು ತೆಗೆದನು. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವನ ೬೮ ಚಿತ್ರಗಳು ಮನ್ನಣೆ ಪಡೆದುವು. ಹವ್ಯಾಸವು ಅವನಿಗೆ ನೌಕರಿಯನ್ನೇ ತಂದುಕೊಟ್ಟಿತು: ಮೊದಲು ಬರ್ಮಾ ನಿಯೋಗದಲ್ಲಿ, ತರುವಾಯ ಮದರಾಸು ಸರ್ಕಾರದಲ್ಲಿ ಅವನು ಛಾಯಾಗ್ರಾಹಕನಾದನು. ಟ್ರೆವೆಲಿಯನ್ನನು ಗವರ್ನರನಾಗಿ ಬಂದಾಗ ಇದು ದುಂದುವೆಚ್ಚವೆಂದು ಆ ಹುದ್ದೆಯನ್ನು ರದ್ದುಗೊಳಿಸಿದನು. ಪಿಗೂ, ನೀಲ್ ಎಂಬ ವೈದ್ಯರೀರ್ವರೂ ಬಿಗ್ಸ್ ಎಂಬ ಸೈನಿಕನೂ ತೆಗೆದ ಧಾರವಾಡ, ಮೈಸೂರು ಪ್ರಾಂತಗಳ ಶಿಲ್ಪಗಳ ಚಿತ್ರಗಳು ೧೮೬೬ರಲ್ಲಿ ಗ್ರಂಥರೂಪದಲ್ಲಿ ಲಂಡನ್ನಿನಲ್ಲಿ ಹೊರಬಂದುವು.

ಹವ್ಯಾಸಿಗಳ ಸಂಘಗಳು ಹುಟ್ಟಿದುದೂ ಈ ದಶಕದಲ್ಲಿಯೇ: ೧೮೫೪ರಲ್ಲಿ ಮುಂಬಯಿಯಲ್ಲಿ, ೧೮೫೬ರಲ್ಲಿ ಕಲ್ಕತ್ತೆ ಮತ್ತು ಮದರಾಸುಗಳಲ್ಲಿ. ಅವುಗಳಲ್ಲಿ ಬಿಳಿಯರೇ ಹೆಚ್ಚಾಗಿದ್ದರೂ ಭಾರತೀಯರೂ ಇದ್ದರು. ಕಲ್ಕತ್ತೆಯ ಸಂಘದಲ್ಲಿ ಪದಾಧಿಕಾರಿಯಾಗಿದ್ದ ವಿದ್ವಾಂಸ ರಾಜೇಂದ್ರಲಾಲ ಮಿತ್ರರು ೧೮೫೭ರಲ್ಲಿ ನೀಲಿ ತೋಟದ ದೊರೆಗಳ ದಬ್ಬಾಳಿಕೆಯನ್ನು ಸಾರ್ವಜನಿಕ ಸಭೆಯಲ್ಲಿ ಖಂಡಿಸಿದುದಕ್ಕಾಗಿ ಸಂಘದಿಂದ ಹೊರದೂಡಲ್ಪಟ್ಟರು. ಹವ್ಯಾಸದ ಸಂಘವೆಂದರೆ ಲೋಕದ ಜಂಜಾಟವಿಲ್ಲದ ತಾಣವೆಂದು ತಿಳಿದವರು ಇದನ್ನು ನೆನೆಯಬೇಕು.

೧೮೭೧ರಲ್ಲಿ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯನು ಜೆಲಟಿನ್ ಲೇಪದ ಒಣ ಫಲಕವನ್ನು ಸೂಚಿಸಿದನು. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ಈ ಫಲಕಗಳಿಂದ ಹಸಿ ಲೇಪನದ ಗೋಳು ತಪ್ಪಿತು. ಅಮೆರಿಕೆಯ ಜಾರ್ಜ್ ಈಸ್ಟ್‌ಮನ್ನನು ೧೮೮೮ರಲ್ಲಿ ಕೊಡಾಕ್ ಕ್ಯಾಮರಾವನ್ನು ಮಾರುಕಟ್ಟೆಗೆ ತಂದನು. ಅದರ ಬೆಲೆ ೨೫ ಡಾಲರು. ಒಳಗೆ ೧೦೦ ಚಿತ್ರಗಳಿಗಾಗುವ ಸುರುಳಿ. ಮುಗಿದ ಮೇಲೆ ಪೆಟ್ಟಿಗೆಯನ್ನು ಇಡಿಯಾಗಿ ರಾಚೆಸ್ಟರಿನ ಕಾರ್ಖಾನೆಗೆ ಕಳುಹಿಸಿದರಾಯಿತು. ಚಿತ್ರಗಳ ಜೊತೆಗೆ ಹೊಸ ಸುರುಳಿ ತುಂಬಿದ ಕ್ಯಾಮರಾವೂ ಹಿಂದಿರುಗಿ ಬರುತ್ತಿತ್ತು. ೧೯೦೦ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರು. ಅದನ್ನು ಮಕ್ಕಳಿಗೆಂದೇ ಜಾಹೀರು ಮಾಡಲಾಗಿತ್ತು. ರಸಾಯನವನ್ನು ಅರಿಯದವನೂ ಚಿತ್ರ ತೆಗೆಯಬಹುದೆಂದಾಯಿತು. ಹಳೆಯ ಹವ್ಯಾಸಿಗಳು ಇದನ್ನು ಕಂಡು ಮೂಗು ಮುರಿದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ತಾಯಿಯ ತೊಡೆಯ ಮೇಲಿನ ಕೂಸು, ಅಂಗಳದ ಹಸು, ಹಬ್ಬದ ಪಂಕ್ತಿ ಇವೆಲ್ಲ ಚಿತ್ರದೊಳಕ್ಕೆ ಬಂದುದು ಈ ಅಗ್ಗದ ಪೆಟ್ಟಿಗೆಯಿಂದಲೇ ಎಂಬುದನ್ನೂ ನಾವು ಒಪ್ಪಬೇಕು.

ಮನೆಯೊಳಗೆ ಬಂದ ಹವ್ಯಾಸವು ಹೇಗೆ ಬೆಳೆಯಬಲ್ಲುದೆಂಬುದಕ್ಕೆ ಕಾಶಿಯ ಬಳಿಯ ರಾಮನಗರದ ಅವಳಿ ಸೋದರಿಯರಾದ ದೇಬಲೀನಾ, ಮನೋಬೀನಾ ಇವರ ವೃತ್ತಾಂತವು ಒಳ್ಳೆಯ ನಿದರ್ಶನ. ಅವರು ಹುಟ್ಟಿದುದು ೧೯೧೯ರಲ್ಲಿ. ಶಿಕ್ಷಣವೃತ್ತಿಯವರೂ ಸ್ವತಃ ಹವ್ಯಾಸಿಗಳೂ ಆಗಿದ್ದ ತಂದೆ, ಹನ್ನೆರಡನೆಯ ವಯಸ್ಸಿನಲ್ಲಿ ಮಕ್ಕಳಿಬ್ಬರಿಗೂ ಒಂದೊಂದು ಪೆಟ್ಟಿಗೆ ಕ್ಯಾಮರಾ ಕೊಡಿಸಿದರು. ಇಬ್ಬರೂ ಸಂಯುಕ್ತ ಪ್ರಾಂತದ ಅಂಚೆ ಬಳಗವೊಂದಕ್ಕೆ ಸೇರಿದರು. ಇಂತಹ ಬಳಗಗಳ ಪದ್ಧತಿಯು ಸೊಗಸಾದುದು: ಸದಸ್ಯರ ಚಿತ್ರಗಳ ಕಟ್ಟು ಅಂಚೆಯಲ್ಲಿ ಊರಿಂದೂರಿಗೆ ಸುತ್ತುವುದು; ಕೈಗೆ ಬಂದವರು ಅಭಿಪ್ರಾಯ ಬರೆದು ಮುಂದಿನವರಿಗೆ ರವಾನಿಸುವರು. ಕೈಬರಹದ ಪತ್ರಿಕೆಯನ್ನು ಮನೆಯಿಂದ ಮನೆಗೆ ದಾಟಿಸಿ ಓದುತ್ತಿದ್ದ ನಮ್ಮ ಸಂಘಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೋಬೀನಾ ಮುಂದೆ ಚಲಚ್ಚಿತ್ರ ನಿರ್ದೇಶಕ ಬಿಮಲ್ ರಾಯರನ್ನು ಮದುವೆಯಾಗಿ, ಸಂಸಾರದ ನಡುವೆಯೂ ಕ್ಯಾಮರಾವನ್ನು ಕೆಳಗಿಡದೆ, ರವೀಂದ್ರನಾಥ ಠಾಕೂರರೇ ಮೊದಲಾದವರ ಭಾವಚಿತ್ರಗಳನ್ನು ತೆಗೆದರು.

ಸ್ವಾತಂತ್ರ್ಯಾನಂತರ ಹವ್ಯಾಸಿಗಳನ್ನು ಕಾಡಿದುದು ಫಿಲ್ಮಿನ ಅಭಾವ. ಹೊರದೇಶದಿಂದ ಬರಬೇಕಾದ ಮಾಲಿಗೆ ಆಮದಿನ ನಿರ್ಬಂಧವಿತ್ತು. ಪೆಟ್ಟಿಗೆ ಕ್ಯಾಮರಾದ ಒಂದು ಸುರುಳಿಯಲ್ಲಿ ಎಂಟೋ ಹನ್ನೆರಡೋ ಚಿತ್ರಗಳು; ಸುರುಳಿಯೊಂದನ್ನು ಯುಗಾದಿಯಿಂದ ದೀಪಾವಳಿಯವರೆಗೆ ಕಾಪಾಡಿಕೊಂಡು ಬರುವ ಮನೆಗಳು ಇದ್ದುವು. ಈ ಕೊರತೆಯನ್ನು ನೀಗಲು ಕೇಂದ್ರ ಸರ್ಕಾರವು ೧೯೬೦ರಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಉದ್ಯಮವನ್ನು ಸ್ಥಾಪಿಸಿತು. ಕಾರ್ಖಾನೆಗೆ ಆರಿಸಿದ ಸ್ಥಳ ನೀಲಗಿರಿಯ ಉದಕಮಂಡಲ; ಫಿಲ್ಮಿನ ಲೇಪನಕ್ಕೆ ಧೂಳಿಲ್ಲದ ತಂಪಾದ ಗಾಳಿಯು ಅವಶ್ಯ. ೧೯೬೭ರಲ್ಲಿ ಉತ್ಪಾದನೆಯು ಆರಂಭವಾಯಿತು. ಫಿಲ್ಮಿಗಿಟ್ಟ ಹೆಸರು ‘ಇಂದು’. ಚಂದ್ರನೆಂಬ ಅರ್ಥದ ಜೊತೆಗೆ ಈ ದಿನವೆಂಬ ಅರ್ಥವನ್ನೂ ಕಾಣುವ ಭಾಗ್ಯವು ಕನ್ನಡಿಗರದು. ವರ್ಣಚಿತ್ರಗಳ, ಅನಂತರ ಫಿಲ್ಮೇ ಬೇಡದ ಕ್ಯಾಮರಾಗಳ ಕಾಲ ಬಂದು, ೧೯೯೦ರ ದಶಕದಲ್ಲಿ ರೋಗಗ್ರಸ್ತ ಉದ್ಯಮವೆನಿಸಿದ ಆ ಕಾರ್ಖಾನೆಯು ಕಡೆಗೆ ಮುಚ್ಚಿಹೋಯಿತು.

ಕನ್ನಡನಾಡಿನಲ್ಲಿ ಈ ಹವ್ಯಾಸವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಡಿನ ದಾರಿ ಹಿಡಿಯಿತು. ನಮ್ಮ ನೆರೆಯ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು (೧೯೩೧–೨೦೧೧) ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದವರು; ಬಿಡುವು ಮಾಡಿಕೊಂಡು ವನ್ಯಪ್ರಾಣಿಗಳ ಚಿತ್ರ ತೆಗೆದು, ೧೯೮೩ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ (೧೯೩೮–೨೦೦೭) ಹಕ್ಕಿಯ ಚಿತ್ರಗಳು ನಮ್ಮ ವಾಚಕರಿಗೆ ಪರಿಚಿತವೇ. ಒಂದು ಗೂಡಿನೆದುರು ದಿನಗಟ್ಟಲೆ ಕಾದು ಕೂರುವುದು ಕೂಲಿಯ ಲೆಕ್ಕಕ್ಕೆ ಒಗ್ಗುವ ಕೆಲಸವಲ್ಲ. ಚಿತ್ರಕ್ಕೆ ಬೇಕಾದ ಕಾಲ ಕ್ಷಣಾರ್ಧಕ್ಕೆ ಇಳಿದ ಮೇಲೆಯೂ ಇವರು ತಾಳ್ಮೆಯನ್ನು ತಾವೇ ಬಯಸಿ ಉಳಿಸಿಕೊಂಡರು.

ಇತ್ತ ಗ್ರೀನ್‌ಲಾನ ಕಾಗದಗಳು ಬಹುಕಾಲ ಕಣ್ಮರೆಯಾಗಿದ್ದು ಮತ್ತೆ ಬೆಳಕಿಗೆ ಬಂದುವು. ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ೧೯೮೩ರಲ್ಲಿ ಅವನು ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅದೇ ನೋಟಗಳನ್ನು ಮತ್ತೊಮ್ಮೆ ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಬಿದ್ದುದೇನು, ಉಳಿದುದೇನು, ದುರಸ್ತಿಯಾದುದೇನು ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ಕಲ್ಲಿಗೆ ದೊರೆತ ಈ ಭಾಗ್ಯವು ನಮ್ಮ ಸೀಮೆಯ ಜನರಿಗೆ ಇನ್ನೂ ದೊರೆತಿಲ್ಲ. ಅವರ ಮುಖಗಳು ಮನೆಮನೆಯ ಟ್ರಂಕುಗಳಲ್ಲಿ, ಗೋಡೆಯ ಕಟ್ಟುಗಳಲ್ಲಿ ಇವೆ. ಕನ್ನಡ ಶಾಲೆಗಳ ಹಳೆಯ ತರಗತಿಗಳ ಪಟಗಳಲ್ಲಿ ಸಾಲುಸಾಲಾಗಿ ನಿಂತಿವೆ. ನಿಂತವರಾರು, ಕುಳಿತವರಾರು ಎಂಬುದನ್ನು ಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಮನೆಯಲ್ಲಿಯೇ ಅಚ್ಚು ಹಾಕಿದ ಪಟಗಳು ಹಳದಿಗಟ್ಟುವುದಕ್ಕೆ ಮುಖ್ಯ ಕಾರಣ, ಹೈಪೋ ಎಂಬ ಲವಣವು ಪೂರ್ತಿಯಾಗಿ ತೊಳೆದು ಹೋಗದೆ ಉಳಿಯುವುದು. ದಪ್ಪ ಕಾಗದದ ಪಟವನ್ನು ತಾಸುಹೊತ್ತು ಹರಿವ ನೀರಿನಲ್ಲಿ ತೊಳೆಯಬೇಕು. ನೀರಿಗೆ ಬಡತನವುಳ್ಳ ನಮ್ಮ ಸೀಮೆಯಲ್ಲಿ ಅಷ್ಟು ನೀರನ್ನು ಪಟಕ್ಕೆ ಯಾರು ಕೊಟ್ಟಾರು! ಮಳೆಗಾಲದ ತೇವಕ್ಕೆ ಜೆಲಟಿನ್ ಉಬ್ಬಿ ಗಾಜಿಗೆ ಅಂಟಿಕೊಂಡರಂತೂ ಅದನ್ನು ಬಿಡಿಸಲು ಹೋದವರ ಕೈಯಲ್ಲಿ ಮುಖವೇ ಕಿತ್ತುಬರುತ್ತದೆ.

ಮೊಬೈಲಿನಲ್ಲಿ ದಿನಕ್ಕೆ ಹತ್ತಾರು ಚಿತ್ರ ತೆಗೆಯುವ ನಮ್ಮ ವಿದ್ಯಾರ್ಥಿಗಳು ಇಂತಹ ಪಟಗಳನ್ನು ಹಗಲಿನ ಬೆಳಕಿನಲ್ಲಿ ಅದೇ ಯಂತ್ರದಿಂದ ಮರುಚಿತ್ರಿಸಬಲ್ಲರು. ಅಜ್ಜಂದಿರನ್ನೂ ನಿವೃತ್ತ ಅಧ್ಯಾಪಕರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಊರು, ವರ್ಷಗಳನ್ನು ಕೇಳಿ ಪಟದ ಬೆನ್ನಿನ ಮೇಲೆ ಬರೆಯಬಹುದು. ಬರೆಯುವುದಕ್ಕೆ ಮೆದುವಾದ ಸೀಸದ ಕಡ್ಡಿಯೇ ಮೇಲು. ಶಾಯಿಯು ಕಾಗದದೊಳಕ್ಕೆ ಇಳಿಯುತ್ತದೆ, ಬಾಲ್‌ಪೆನ್ನಿನ ಒತ್ತು ಮುಂಬದಿಯ ಮುಖದ ಮೇಲೆ ಗೆರೆಯಾಗಿ ಏಳುತ್ತದೆ.