ಅಡಿಸ್ ಅಬಾಬದ ಪೇಟೆ

ಪರದೇಶದ ರಾಜಧಾನಿಯನ್ನು ಕಾಣಹೋದವನು ಅಲ್ಲಿ ಸಾಮಾನ್ಯವಾಗಿ ಮೂರು ಕೆಲಸಗಳನ್ನು ಮಾಡುತ್ತಾನೆ. ಪ್ರಸಿದ್ಧವಾದ ಕಟ್ಟಡಗಳನ್ನು ನೋಡುತ್ತಾನೆ. ಊರಿನವರ ಅಡಿಗೆಯನ್ನು ರುಚಿ ನೋಡುತ್ತಾನೆ. ಮನೆಯವರಿಗೆಂದು ನಾಲ್ಕು ಸಾಮಾನು ಕೊಳ್ಳುತ್ತಾನೆ. ಇವುಗಳಲ್ಲಿ ಮೊದಲನೆಯದು ಮಾತ್ರ ಚರಿತ್ರೆಗೆ ಸಂಬಂಧಪಟ್ಟುದು, ಮಿಕ್ಕೆರಡೂ ಹೊಟ್ಟೆಗೂ ಹಣದ ಚೀಲಕ್ಕೂ ಸೇರಿದುವು ಎಂದು ನಾವು ಎಣಿಸುವುದುಂಟು. ಇಥಿಯೋಪಿಯದ ರಾಜಧಾನಿಯಾದ ಅಡಿಸ್ ಅಬಾಬದ ವಿಷಯದಲ್ಲಿ ಈ ಎಣಿಕೆ ಸರಿಹೋಗುವುದಿಲ್ಲ. ಅಲ್ಲಿ ಕಲ್ಲು ಹೇಳುವ ಕಥೆ ಅರ್ಧ ಮಾತ್ರ. ಉಳಿದರ್ಧವನ್ನು ಪೇಟೆಯೂ ಊಟದ ತಟ್ಟೆಯೂ ಹೇಳುತ್ತವೆ.

ಆಫ್ರಿಕ ಖಂಡವೆಂದರೆ ಉರಿಬಿಸಿಲೆಂದು ತಿಳಿದು ಹೋದವನು ಅಲ್ಲಿ ಮೊದಲು ಹುಡುಕುವುದು ಶಾಲನ್ನು. ಊರು ಸಮುದ್ರಮಟ್ಟಕ್ಕೆ ಸುಮಾರು 7,700 ಅಡಿ ಎತ್ತರದಲ್ಲಿದೆ. ಅದು ಬಹಳ ಪುರಾತನವಾದುದೂ ಅಲ್ಲ. ಶೋವ ಪ್ರಾಂತದ ಅರಸನಾಗಿದ್ದ ಮೆನೆಲಿಕನು ಮೇಲಣ ಎಂಟೋಟೋ ಬೆಟ್ಟದ ಮೇಲೆ ವಾಸವಾಗಿದ್ದನು. ಚಳಿಗಾಳಿಯ ಆ ಬೆಟ್ಟಕ್ಕಿಂತ ತಪ್ಪಲಿನ ಬಿಸಿನೀರಿನ ಬುಗ್ಗೆಗಳು ರಾಣಿ ತೈತುವಿಗೆ ಹಿತವಾಗಿ ಕಂಡುವು. 1886ನೆಯ ಇಸವಿಯಲ್ಲಿ ಆಕೆ ಅಲ್ಲಿ ಮನೆ ಕಟ್ಟಿಸಿ, ಆ ಸ್ಥಳಕ್ಕೆ ‘ಹೊಸ ಹೂವು’ ಎಂದು ಅರ್ಥವಾಗುವ ಅಡಿಸ್ ಅಬಾಬ ಎಂಬ ಹೆಸರನ್ನಿಟ್ಟಳು. 1889ರಲ್ಲಿ ಮೆನೆಲಿಕನು ಚಕ್ರವರ್ತಿಯಾದನು, ಊರು ರಾಜಧಾನಿಯಾಯಿತು. ಜನ ಹೆಚ್ಚಿದಂತೆ ಸುತ್ತಲಿನ ಕಾಡು ಒಲೆಗೆ ಹೋಗಿ, ಸೌದೆಗೇ ಬರ ಬಂದಿತು. ರಾಜಧಾನಿಯನ್ನೇ ಬೇರೆಡೆಗೆ ಒಯ್ಯುವ ಆಲೋಚನೆಯೂ ನಡೆಯಿತು. ಆಗ ಅದನ್ನು ನಿಲ್ಲಿಸಿದುದು ಆಸ್ಟ್ರೇಲಿಯದಿಂದ ತರಿಸಿದ ನೀಲಗಿರಿ ಮರ. ಇಂದಿಗೂ ಎಂಟೋಟೋ ಬೆಟ್ಟದಲ್ಲೆಲ್ಲ ಆ ಮರದ ವಾಸನೆ ತುಂಬಿದೆ.

ನೋಡತಕ್ಕ ಸ್ಥಳಗಳಲ್ಲಿ ಮೊದಲನೆಯದು ಅರಾಡ ಎಂಬ ಭಾಗದಲ್ಲಿರುವ ಸಂತ ಜಾರ್ಜನ ದೇವಾಲಯ. ಎಂಟು ಮೂಲೆಯ ಈ ಗುಡಿ ಒಂದು ಯುದ್ಧದ ಸ್ಮಾರಕ. 1896ನೆಯ ಇಸವಿ ಮಾರ್ಚಿ 1ರಂದು, ಆ ಸಂತನ ಹಬ್ಬದ ದಿನವೇ, ಅಡ್ವ ಎಂಬಲ್ಲಿ ಮೆನೆಲಿಕನ ಸೈನ್ಯವು ಇಟಲಿಯ ದಂಡನ್ನು ಮುರಿಯಿತು. ಯೂರೋಪಿನ ರಾಜ್ಯಗಳು ಆಫ್ರಿಕವನ್ನು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ಒಂದು ಆಫ್ರಿಕ ದೇಶವು ತನ್ನ ಸ್ವಾತಂತ್ರ್ಯವನ್ನು ಹೀಗೆ ಉಳಿಸಿಕೊಂಡಿತು. ಗುಡಿಯ ಬಳಿಯ ಚೌಕದಲ್ಲಿ ಕುದುರೆಯೇರಿದ ಮೆನೆಲಿಕನ ಪ್ರತಿಮೆಯುಂಟು. ಹೈಲೆ ಸೆಲಾಸಿಯ ಪಟ್ಟಾಭಿಷೇಕ ನಡೆದ 1930ರಲ್ಲಿ ಅದನ್ನು ನಿಲ್ಲಿಸಿದರು.

ನಲವತ್ತು ವರ್ಷಗಳ ಮೇಲೆ ಇಟಲಿಯವರು ಮತ್ತೆ ಬಂದರು. ಈ ಬಾರಿ ವಿಮಾನಗಳೊಡನೆ, ವಿಷವಾಯುವಿನೊಡನೆ. 1936ರ ಮೇ 5ರಂದು ರಾಜಧಾನಿ ಅವರ ವಶವಾಯಿತು. ಮೆನೆಲಿಕನ ಪ್ರತಿಮೆಯನ್ನು ಕಿತ್ತು ಹೂಳಿಸಿದರು. 1937ರ ಫೆಬ್ರವರಿ 19ರಂದು ಇಟಲಿಯ ರಾಜಪ್ರತಿನಿಧಿಯಾದ ಗ್ರಾಟ್ಸಿಯಾನಿಯ ಮೇಲೆ ಬಾಂಬು ಬಿದ್ದುದೇ ನೆಪವಾಗಿ ಮೂರು ದಿನ ಊರಿನಲ್ಲಿ ಕಗ್ಗೊಲೆ ನಡೆಯಿತು. ಸಾವಿರಾರು ಜನ ಸತ್ತರು. ಸಿದಿಸ್ತ್ ಕಿಲೊ ಎಂಬಲ್ಲಿ ಅವರ ನೆನಪಿನ ಕಂಬವಿದೆ. ಆ ವರ್ಷವೇ ಸಂತ ಜಾರ್ಜನ ಗುಡಿಗೂ ಬೆಂಕಿ ಬಿದ್ದಿತು. 1941ರಲ್ಲಿ ದೇಶ ಬಿಡುಗಡೆಯಾದ ಮೇಲೆ ಗುಡಿಯನ್ನು ಸರಿಮಾಡಿದರು. ಪ್ರತಿಮೆಯನ್ನು ಅಗೆದು ತೆಗೆದು ಮರಳಿ ನಿಲ್ಲಿಸಿದರು.

ಕಲ್ಲಿನ ಕಥೆ ಇಷ್ಟು. ಪೇಟೆಯ ಕಥೆ ಇಲ್ಲಿಂದ ಮೊದಲಾಗುತ್ತದೆ. ಮೊದಲು ಊರಿನ ದೊಡ್ಡ ಸಂತೆ ಇದೇ ಗುಡಿಯ ಹತ್ತಿರ ಸೇರುತ್ತಿತ್ತು. ಬಿಳಿಯರೂ ಕರಿಯರೂ ಒಂದೆಡೆ ಬೆರೆಯಕೂಡದೆಂಬುದು ಹೊಸ ಆಳರಸರ ನಿಯಮ. ಆದಕಾರಣ ಅವರು ಸಂತೆಯನ್ನು ಅಲ್ಲಿಂದ ಎಬ್ಬಿಸಿ, ಪಶ್ಚಿಮಕ್ಕೆ ದೇಶೀಯರಿಗೆಂದು ಬೇರೆಯೊಂದು ಪೇಟೆಯನ್ನು ಗೊತ್ತುಮಾಡಿದರು. ಹಳೆಯ ಸಂತೆಯ ಸ್ಥಳ ‘ಪಿಯಾಸ’ ಎನಿಸಿತು. ಹೊಸದು ‘ಮೆರ್ಕಾತೊ’ ಎನಿಸಿತು. ಇಟಲಿಯ ಮಾತಿನಲ್ಲಿ ಮೊದಲನೆಯದಕ್ಕೆ ಚೌಕವೆಂದೂ ಎರಡನೆಯದಕ್ಕೆ ಮಾರುಕಟ್ಟೆಯೆಂದೂ ಅರ್ಥ. ಸರ್ಕಾರಿ ನೌಕರರ ಮನೆಗಳಿಗೆ ಅವರು ಇಟ್ಟಿದ್ದ ‘ಕಾಸೆ ಇಂಚಿಸ್’ ಎಂಬ ಹೆಸರು ಜನರ ಬಾಯಲ್ಲಿ ತಿರುಗಿ ‘ಕಜಾಂಚಿಸ್’ ಆಯಿತು.

ಐದು ವರ್ಷಕ್ಕೆ ಆ ಆಳಿಕೆ ಮುಗಿಯಿತು; ಹೆಸರುಗಳು ಮುಗಿಯಲಿಲ್ಲ. ದೇಶೀಯರನ್ನು ದೂರವಿಡುವುದಕ್ಕೆಂದು ಮಾಡಿದ ಪೇಟೆ ಆಫ್ರಿಕದ ಅತಿ ದೊಡ್ಡ ಬಯಲುಪೇಟೆಗಳಲ್ಲಿ ಒಂದಾಗಿ ಬೆಳೆಯಿತು. ಗುರಾಗೆ ಜನರು ಅಲ್ಲಿಯ ವ್ಯಾಪಾರದಲ್ಲಿ ಹೆಸರಾದವರು. ನಮ್ಮ ಬೆಂಗಳೂರಿನ ಹಳೆಯ ಪೇಟೆಗಳಂತೆ ಅಲ್ಲಿಯೂ ಒಂದೊಂದು ಸರಕಿಗೆ ಒಂದೊಂದು ಸಾಲು. ‘ಮಿನಾಲೆಶ್ ತೆರಾ’ ಎಂಬ ಸಾಲಿನ ಹೆಸರಿಗೆ ‘ಏನಿದೆಯಮ್ಮ ನಿನ್ನ ಹತ್ತಿರ?’ ಎಂದು ಅರ್ಥ. ಹಳೆಯ ತಗಡು ಅಲ್ಲಿ ಒಲೆಯಾಗುತ್ತದೆ. ಸವೆದ ಮೋಟಾರುಚಕ್ರ ಕೆರವಾಗುತ್ತದೆ. ಅವಮಾನಕ್ಕೆಂದು ಕೊಟ್ಟ ಸ್ಥಳವನ್ನೇ ಬದುಕಿನ ಸ್ಥಳವಾಗಿ ಮಾಡಿಕೊಂಡ ಊರಿಗೆ ಈ ಸಾಲು ತಕ್ಕದ್ದೇ ಆಗಿದೆ.

ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಅಂಗಡಿಯವನು ಮೂರು ಗಂಟೆಗೆ ಬನ್ನಿ ಎಂದರೆ ನಮ್ಮ ಒಂಬತ್ತು ಗಂಟೆಗೆ ಹೋಗಬೇಕು. ಅವರ ದಿನದ ಲೆಕ್ಕ, ನಮ್ಮ ಹಿರಿಯರ ಘಳಿಗೆಯ ಲೆಕ್ಕದಂತೆ, ಸೂರ್ಯೋದಯದಿಂದ ಮೊದಲು. ನೇಯ್ಗೆಯ ಬಟ್ಟೆ ಬೇಕಾದವರು ಎಂಟೋಟೋ ತಪ್ಪಲಿನ ಶಿರೊ ಮೆದ ಪೇಟೆಗೆ ಹೋಗುತ್ತಾರೆ. ಅಂಚಿನಲ್ಲಿ ಬಣ್ಣದ ಪಟ್ಟಿಯಿರುವ ತೆಳುವಾದ ಬಿಳಿಯ ಹೊದಿಕೆಗೆ ‘ನೆತೆಲ’ ಎಂದು ಹೆಸರು. ಬೆಳ್ಳಿಯ ಶಿಲುಬೆಗಳಿಗೂ ಒಂದು ಚರಿತ್ರೆಯುಂಟು. ಆಸ್ಟ್ರಿಯದ ರಾಣಿ ಮರಿಯ ತೆರೇಸಳ ಮುಖವನ್ನೂ 1780 ಎಂಬ ವರ್ಷವನ್ನೂ ಹೊತ್ತ ಬೆಳ್ಳಿಯ ನಾಣ್ಯವು ಆಕೆ ಸತ್ತು ನೂರೈವತ್ತು ವರ್ಷ ಕಳೆದರೂ ಆ ನಾಡಿನಲ್ಲಿ ನಡೆಯುತ್ತಿತ್ತು. ಅಕ್ಕಸಾಲಿಗರು ಅದನ್ನು ಕರಗಿಸಿ ಶಿಲುಬೆಗಳನ್ನೂ ಆಭರಣಗಳನ್ನೂ ಮಾಡಿದರು. ಬೆಳ್ಳಿ ಎಂಬರ್ಥದ ‘ಬಿರ್’ ಎಂಬ ಹೆಸರು ಆ ನಾಣ್ಯದಿಂದ ಇಂದಿನ ಕಾಗದದ ನೋಟಿಗೆ ಇಳಿದು ಬಂದಿದೆ.

ಇನ್ನು ಊಟ. ‘ಟೆಫ್’ ಎಂಬುದು ರಾಗಿಗಿಂತ ಸಣ್ಣ ಧಾನ್ಯ. ಅದರ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ಕಾವಲಿಯ ಮೇಲೆ ಹೊಯ್ದು ಮುಚ್ಚಿ ಬೇಯಿಸಿದರೆ ‘ಇಂಜೆರ’ ಆಗುತ್ತದೆ. ದೋಸೆ ತಿಂದು ಬೆಳೆದವರಿಗೆ ಇದರ ಪರಿಚಯ ಮಾಡಿಕೊಡಬೇಕಾದುದಿಲ್ಲ. ಅದರ ಮೇಲೆಯೇ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಗೊಜ್ಜುಗಳನ್ನು ಬಡಿಸುತ್ತಾರೆ. ಎಲ್ಲರೂ ಒಂದೇ ತಟ್ಟೆಯ ಸುತ್ತ ಕುಳಿತು ಕೈಯಿಂದ ಉಣ್ಣುತ್ತಾರೆ. ಬುಧವಾರ ಶುಕ್ರವಾರಗಳಲ್ಲಿಯೂ, ಈಸ್ಟರ್ ಹಬ್ಬಕ್ಕೆ ಮುಂಚಿನ 55 ದಿನಗಳಲ್ಲಿಯೂ, ವ್ರತ ಹಿಡಿದ ಕ್ರೈಸ್ತರು ಮಾಂಸವನ್ನಷ್ಟೇ ಅಲ್ಲ, ಹಾಲು ಬೆಣ್ಣೆಗಳನ್ನೂ ಮುಟ್ಟುವುದಿಲ್ಲ. ನಮ್ಮ ಸಸ್ಯಾಹಾರಿಗಳಿಗೆ ಆ ದಿನಗಳೇ ಹಬ್ಬ. ಆತಿಥೇಯನು ತಾನೇ ತುತ್ತು ಮಾಡಿ ಅತಿಥಿಯ ಬಾಯಿಗಿಡುವ ಪದ್ಧತಿಗೆ ‘ಗುರ್ಷ’ ಎಂದು ಹೆಸರು, ಬೇಡವೆನ್ನುವುದು ಮರ್ಯಾದೆಯಲ್ಲ.

ಊಟದ ಮೇಲೆ ಕಾಫಿ. ಹಸಿಯ ಬೀಜವನ್ನು ಅತಿಥಿಗಳ ಎದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು ಕೊಡುತ್ತಾರೆ. ಕಾಫಿಯ ಗಿಡ ಹುಟ್ಟಿದುದು ಆ ದೇಶದ ನೈರುತ್ಯದ ಕಾಡುಗಳಲ್ಲಿ. ಅಲ್ಲಿಂದ ಅರಬ್ಬರ ಯೆಮನಿಗೆ ಹೋಗಿ, ಯೆಮನಿನಿಂದ ಬಾಬಾ ಬುಡನರ ಮೂಲಕ ಚಿಕ್ಕಮಗಳೂರಿನ ಬೆಟ್ಟಕ್ಕೆ ಬಂದಿತೆಂಬ ಐತಿಹ್ಯವನ್ನು ನಾವೆಲ್ಲರೂ ಬಲ್ಲೆವು. ನಮ್ಮ ರಾಗಿಯೂ ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ ಮೊದಲು ಬೆಳೆದು ಇತ್ತ ಬಂದಿತೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಬೆಳಗಿನ ಲೋಟಕ್ಕೂ ಮಧ್ಯಾಹ್ನದ ಮುದ್ದೆಗೂ ನಾವು ಆ ಕಡೆಯ ನೆಲಕ್ಕೆ ಋಣಿಗಳು.

ಅದೇ ಊರಿನ ಹೊಟೆಲುಗಳಲ್ಲಿ ಹಾಲಿನ ನೊರೆ ಬೆರೆತ ಇಟಲಿಯ ಕಾಫಿಯೂ ದೊರೆಯುತ್ತದೆ, ಹೆಸರು ‘ಮಕ್ಕಿಯಾತೊ’. ದಂಡೆತ್ತಿ ಬಂದವರ ಬಟ್ಟಲನ್ನು ಇಟ್ಟುಕೊಂಡುದು ಅಭಿಮಾನದ ಕೊರತೆಯೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಒಡೆಯರನ್ನು ಹೊರಡಿಸಿದವರಿಗೆ ಬಟ್ಟಲನ್ನು ಕಂಡು ಹೆದರಬೇಕಾದುದಿಲ್ಲ. ಆದರೆ ಬಟ್ಟಲು ಹೇಗೆ ಬಂದಿತೆಂಬುದನ್ನು ಮರೆತರೆ ಮಾತು ಬೇರೆ.

ಆ ಭಯಕ್ಕೆ ಈಗ ಕಾರಣವುಂಟು. 2024ರಲ್ಲಿ ರಸ್ತೆಗಳನ್ನು ಅಗಲಮಾಡಿ ಊರನ್ನು ಹೊಸದಾಗಿಸುವ ಯೋಜನೆಯಲ್ಲಿ ಪಿಯಾಸದ ಹಳೆಯ ಕಟ್ಟಡಗಳು ಅನೇಕ ನೆಲಕ್ಕುರುಳಿದುವು. ಕಜಾಂಚಿಸಿನಲ್ಲಿಯೂ ಹಾಗೆಯೇ ಆಯಿತು. ತಲೆಮಾರುಗಳಿಂದ ಅಲ್ಲಿದ್ದ ಸಂಸಾರಗಳು ಊರಿನ ಅಂಚಿಗೆ ಹೋದುವು. ಅದೇ ವರ್ಷ ಅದೇ ಪಿಯಾಸದಲ್ಲಿ ಅಡ್ವ ವಿಜಯದ ಭವ್ಯ ಸ್ಮಾರಕವೂ ತೆರೆಯಿತು. ಯುದ್ಧದ ನೆನಪಿಗೆ ಮಂದಿರವಾಯಿತು. ಆ ಬೀದಿಗಳಲ್ಲಿ ಬದುಕಿದವರ ನೆನಪಿಗೆ ಹೆಸರೊಂದೇ ಉಳಿಯಿತು. ಊರು ಬೆಳೆಯಬಾರದೆಂದು ನಾವು ಹೇಳುವುದಿಲ್ಲ. ಬಚ್ಚಲಿಲ್ಲದ ಹಳೆಯ ಮನೆಯಲ್ಲಿ ನೀವೇ ಇರಿ ಎಂದು ಇನ್ನೊಬ್ಬರಿಗೆ ಹೇಳುವ ಅಧಿಕಾರ ನೋಡಲು ಹೋದವನಿಗಿಲ್ಲ. ಆದರೆ ಪಿಯಾಸ ಎಂಬ ಮಾತನ್ನಾಡುವ ಹುಡುಗನಿಗೆ ಅಲ್ಲಿಂದ ಒಂದು ಸಂತೆಯನ್ನು ಏಕೆ ಎಬ್ಬಿಸಿದರು, ಆ ಸಂತೆ ಎಲ್ಲಿಗೆ ಹೋಗಿ ಹೇಗೆ ಬಾಳಿತು ಎಂಬುದನ್ನು ಇನ್ನು ಗೋಡೆಗಳು ಹೇಳಲಾರವು. ಅದನ್ನು ಹಿರಿಯರು ಹೇಳಬೇಕು. ಹೇಳುವುದಕ್ಕೆ ಆ ಊರಿನಲ್ಲಿ ಹೊತ್ತಿಗೆ ಕೊರತೆಯಿಲ್ಲ: ಬೀಜ ಹುರಿದು ಮೂರನೆಯ ಬಟ್ಟಲು ಮುಗಿಯುವಷ್ಟು ಕಾಲ ಸಾಕು.