ಅಫ್ಜಲ್ ಖಾನ್ ಖಟಕ್

ಅಫ್ಜಲ್ ಖಾನ್ ಖಟಕ್ 17ನೆಯ ಶತಮಾನದ ಕೊನೆಯಲ್ಲೂ 18ನೆಯ ಶತಮಾನದ ಮೊದಲ ಭಾಗದಲ್ಲೂ ಖಟಕ್ ಪಶ್ತೂನರ ನಾಯಕನಾಗಿದ್ದವನು; ಪಶ್ತೊ ಗದ್ಯದ ಮುಖ್ಯ ಇತಿಹಾಸಗ್ರಂಥ ‘ತಾರೀಖ್-ಇ-ಮುರಸ್ಸಾ’ದ ಕರ್ತೃ. ಕವಿಯೂ ಯೋಧನೂ ಆಗಿದ್ದ ಖುಶಾಲ್ ಖಾನನ (1613–1689) ಮೊಮ್ಮಗ. ಹಿಜ್ರಿ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಅಶ್ರಫ್ ಖಾನನ ಮಗ. 1659ರಲ್ಲಿ ಶಿವಾಜಿಯಿಂದ ಹತನಾದ ಬಿಜಾಪುರದ ಸೇನಾಪತಿ ಅಫ್ಜಲ್ ಖಾನ್ ಬೇರೆ, ಇವನು ಬೇರೆ.

ಈ ಮನೆತನದ ಅಧಿಕಾರ ಹುಟ್ಟಿದ್ದು ಹೆದ್ದಾರಿಯಿಂದ. ಅಟಕ್‌ನಿಂದ ಪೇಶಾವರಕ್ಕೆ ಹೋಗುವ ದಾರಿಯ ಕಾವಲನ್ನು ಅಕ್ಬರನು ಖಟಕರ ಮಲಿಕ್ ಅಕೋರನಿಗೆ ಒಪ್ಪಿಸಿ, ಅಲ್ಲಿ ಸುಂಕ ಎತ್ತುವ ಹಕ್ಕನ್ನೂ ಕೊಟ್ಟಿದ್ದ. ಕಾಬೂಲ್ ನದಿಯ ದಡದ ಅಕೋರಾ ಪಟ್ಟಣಕ್ಕೆ ಅವನದೇ ಹೆಸರು. ಮೊಗಲರ ಸೇವೆಯಲ್ಲಿದ್ದ ಖುಶಾಲನನ್ನು 1664ರಲ್ಲಿ ಔರಂಗಜೇಬ್ ಸೆರೆಹಿಡಿಸಿದ. ರಣಥಂಭೋರ್ ಕೋಟೆಯ ಬಂಧನದ ನಂತರ ಆ ನಿಷ್ಠೆ ಉಳಿಯಲಿಲ್ಲ. 1670ರ ದಶಕದಲ್ಲಿ ಅವನು ಬಂಡಾಯಗಾರರ ಮುಂಚೂಣಿಯಲ್ಲಿದ್ದ. ನಾಯಕತ್ವ ಹಿರಿಯ ಮಗ ಅಶ್ರಫನಿಗೆ ಬಂತು. ಇನ್ನೊಬ್ಬ ಮಗ ಬಹರಾಮ್ ಮೊಗಲರ ಪಕ್ಷ ಸೇರಿದ. 1680ರ ದಶಕದ ಆರಂಭದಲ್ಲಿ ಅಶ್ರಫ್ ಸೆರೆಸಿಕ್ಕು, ಕೊನೆಗೆ ಬಿಜಾಪುರಕ್ಕೆ ಸಾಗಿಸಲ್ಪಟ್ಟು, 1694ರ ಸುಮಾರಿಗೆ ಅಲ್ಲಿಯೇ ತೀರಿಕೊಂಡ. ಅವನ ಸೆರೆವಾಸದ ಕವಿತೆಗಳಿಂದಾಗಿ ಇಂದಿನ ವಿಜಯಪುರಕ್ಕೆ ಪಶ್ತೊ ಸಾಹಿತ್ಯಚರಿತ್ರೆಯಲ್ಲೂ ಒಂದು ಸ್ಥಾನವಿದೆ. ತಂದೆಯ ಸೆರೆಯ ಬಳಿಕ ಅಫ್ಜಲ್ ಅಜ್ಜನ ಬೆಂಬಲದಿಂದ ನಾಯಕನಾದ. ಚಿಕ್ಕಪ್ಪ ಬಹರಾಮನೊಂದಿಗಿನ ಕಲಹವೂ ಅವನ ಪಾಲಿಗೆ ಬಂತು.

‘ತಾರೀಖ್-ಇ-ಮುರಸ್ಸಾ’ವನ್ನು ಸಂಕಲನವೆಂದು ಬದಿಗಿಡುವ ವಿಮರ್ಶೆಗೆ ಆಧಾರವಿಲ್ಲದೆ ಇಲ್ಲ. ಪಶ್ತೂನರ ಮೂಲವನ್ನು ಬನಿ ಇಸ್ರಾಯೇಲರ ತಾಲೂತನವರೆಗೆ ಒಯ್ಯುವ ವಂಶಾವಳಿಯೂ ಅಫ್ಘಾನ್ ಸುಲ್ತಾನರ ವೃತ್ತಾಂತವೂ ಬಹುಮಟ್ಟಿಗೆ ನಿಯಾಮತುಲ್ಲಾನ ಪಾರಸಿ ಕೃತಿ ‘ಮಖ್ಜನ್-ಇ-ಅಫ್ಘಾನಿ’ಯಿಂದ ಬಂದವು. ಜಹಾಂಗೀರನ ಸರದಾರ ಖಾನ್ ಜಹಾನ್ ಲೋದಿಯ ಆಶ್ರಯದಲ್ಲಿ 1613ರ ಹೊತ್ತಿಗೆ ಮುಗಿದ ಆ ಗ್ರಂಥ ದರಬಾರಿನ ಅಫ್ಘಾನರ ಗೌರವಕ್ಕಾಗಿ ಹುಟ್ಟಿದ್ದು. ಅಕೋರಾದ ಬೆಟ್ಟಗಳ ಸುದ್ದಿಗೆ ಅದರಲ್ಲಿ ಹೆಚ್ಚು ಜಾಗವಿಲ್ಲ. ಅಫ್ಜಲ್‌ನ ನಿಜವಾದ ಕೆಲಸ ಈ ಕೊರತೆಯಿಂದ ಶುರುವಾಗುತ್ತದೆ. ಖುಶಾಲ್ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಅವನು ಗ್ರಂಥದೊಳಕ್ಕೆ ತಂದ, ಅನೇಕ ಕಡೆ ‘ನಾನು’ ಎಂಬ ಅಜ್ಜನ ದನಿಯನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡ. ಪಾರಸಿ ಇತಿಹಾಸಕಾರನೊಬ್ಬ ಅದನ್ನೆಲ್ಲ ತನ್ನ ಅಲಂಕೃತ ವಾಕ್ಯಗಳಲ್ಲಿ ಕರಗಿಸಿಬಿಡುತ್ತಿದ್ದನೇನೋ. ಇಲ್ಲಿ ದಾಯಾದಿ ಜಗಳ, ಯೂಸುಫ್‌ಜೈ ಪಶ್ತೂನರೊಂದಿಗಿನ ಹಗೆ, ಸೆರೆ, ಸುಂಕದ ವ್ಯಾಜ್ಯ ಎಲ್ಲವೂ ಕಂಡವನ ಮಾತಿನಲ್ಲೇ ಬರುತ್ತವೆ. ಗದ್ಯದ ಇತಿಹಾಸದಲ್ಲಿಯೂ ಇದಕ್ಕೆ ಬೆಲೆಯಿದೆ. 16ನೆಯ ಶತಮಾನದ ಬಾಯಜೀದ್ ಅನ್ಸಾರಿ ಮತ್ತು ಅವನ ಎದುರಾಳಿ ಅಖುಂದ್ ದರ್ವೇಜಾ ಪಶ್ತೊ ಗದ್ಯವನ್ನು ಧರ್ಮಬೋಧೆಗೆ, ಪ್ರಾಸಬದ್ಧ ನಡೆಯಲ್ಲಿ ಬಳಸಿದ್ದರು. ಅದನ್ನು ಸರಳಗೊಳಿಸಿದವನು ‘ದಸ್ತಾರ್‌ನಾಮಾ’ ಬರೆದ ಖುಶಾಲ್. ಆ ಸರಳ ಗದ್ಯ ಒಂದು ಕುಲದ ಚರಿತ್ರೆಯನ್ನು ಹೊರಬಲ್ಲದೆಂದು ತೋರಿಸಿದವನು ಮೊಮ್ಮಗ. ಗ್ರಂಥ ಪಕ್ಷಪಾತದ್ದೆಂಬ ಆಕ್ಷೇಪವನ್ನು ಒಪ್ಪಲೇಬೇಕು: ಬಹರಾಮನ ಚಿತ್ರ ನಮಗೆ ಸಿಗುವುದು ಮುಖ್ಯವಾಗಿ ಅವನ ವಿರೋಧಿಗಳ ಬರಹದಿಂದ. ಆದರೆ ಕರ್ತೃವಿನ ಪೂರ್ವಜರು ಮೊಗಲರ ಸೇವೆಯಿಂದ ಬೆಳೆದುದನ್ನು ಗ್ರಂಥ ಮುಚ್ಚಿಡುವುದಿಲ್ಲ. ಆದ್ದರಿಂದ ಇದನ್ನು ತೀರ್ಪೆಂದಲ್ಲ, ಒಂದು ಪಕ್ಷದ ಸಾಕ್ಷ್ಯವೆಂದು ಓದುವುದೇ ಸರಿ. ಕೃತಿಯ ಭಾಗಗಳು ಮೊದಲು ಅಚ್ಚಾದದ್ದು ಬ್ರಿಟಿಷ್ ಅಧಿಕಾರಿಗಳ ಪಶ್ತೊ ಕಲಿಕೆಯ ಸಂದರ್ಭದಲ್ಲಿ: ರಾವರ್ಟಿಯ ‘ಗುಲ್ಶನ್-ಇ-ರೋಹ್’ (1860), ಹ್ಯೂಸ್‌ನ ‘ಕಲೀದ್-ಇ-ಅಫ್ಘಾನಿ’ (1872). ಇದು ಆಯ್ದ ತುಣುಕುಗಳ ಪುಸ್ತಕವೆಂಬ ಭಾವನೆ ಬೇರೂರಲು ಆ ಪಠ್ಯಗಳೂ ಕಾರಣವಾಗಿರಬಹುದು. ದೋಸ್ತ್ ಮುಹಮ್ಮದ್ ಖಾನ್ ಕಾಮಿಲ್ ಸಂಪಾದಿಸಿದ ಆವೃತ್ತಿ ಪೇಶಾವರದಲ್ಲಿ 1974ರಲ್ಲಿ ಹೊರಬಂತು.

ಅಫ್ಜಲ್ ಮಾಡಿದ ಅಥವಾ ಮಾಡಿಸಿದ ಅನುವಾದಗಳನ್ನು ಇತಿಹಾಸರಚನೆಯಿಂದ ಬೇರ್ಪಡಿಸಿ ನೋಡುವ ರೂಢಿಯಿದೆ. ಎರಡರ ಹಿಂದೆಯೂ ಒಂದೇ ಉದ್ದೇಶ ಇದ್ದಂತೆ ತೋರುತ್ತದೆ: ಪಾರಸಿಯಲ್ಲಿ ಮಾತ್ರ ಓದಬಹುದಾಗಿದ್ದುದನ್ನು ಪಶ್ತೊದಲ್ಲಿ ಓದುವಂತಾಗಬೇಕು. ಇಸ್ಲಾಮಿನ ಆರಂಭಕಾಲದ ದಿಗ್ವಿಜಯಗಳನ್ನು ಹೇಳುವ ಇಬ್ನ್ ಆಸಮ್ ಕೂಫಿಯ ಇತಿಹಾಸ ಈ ಅನುವಾದಗಳಲ್ಲೊಂದು, ‘ಕಲೀಲಾ ವ ದಿಮ್ನಾ’ ಇನ್ನೊಂದು. ಎರಡನೆಯದರ ಮೂಲ ಪಂಚತಂತ್ರ. ಸಂಸ್ಕೃತದಿಂದ ಪಹ್ಲವಿಗೆ, 8ನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫಾನಿಂದ ಅರಬ್ಬಿಗೆ, ಅಲ್ಲಿಂದ ಪಾರಸಿಗೆ ಹೋದ ಈ ಕಥೆಗಳನ್ನು ಅಕ್ಬರನ ಆಜ್ಞೆಯಂತೆ ಅಬುಲ್ ಫಜಲ್ 1588ರಲ್ಲಿ ‘ಇಯಾರ್-ಇ-ದಾನಿಶ್’ ಎಂದು ಸರಳ ಪಾರಸಿಯಲ್ಲಿ ಮತ್ತೆ ಬರೆದಿದ್ದ. ಕನ್ನಡದಲ್ಲಿ ಇದೇ ಕಥಾಪರಂಪರೆಯನ್ನು 11ನೆಯ ಶತಮಾನದಲ್ಲೇ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಅಂದರೆ ಅವನೂ ರಾಜಕಾರ್ಯದಲ್ಲಿದ್ದವನೇ. ನಾಯಕತ್ವಕ್ಕಾಗಿ ಮನೆಯೊಳಗೇ ಹೋರಾಡಬೇಕಾಗಿದ್ದ ಅಫ್ಜಲ್‌ನಿಗೆ ಪಂಚತಂತ್ರದ ಮಿತ್ರಭೇದದ ಕಥೆಗಳು ನೀತಿಶಾಸ್ತ್ರವಾಗಿಯೇ ಕಂಡಿರಬಹುದು. ಅಂಥ ಹೋರಾಟ ಮುಂದಿನ ತಲೆಮಾರಿಗೂ ಇಳಿಯಿತು: ಅಫ್ಜಲ್‌ನ ಮಗ, ಕವಿ ಕಾಜಿಂ ಖಾನ್ ಶೈದಾ, ಸೋದರನೊಂದಿಗಿನ ವೈಮನಸ್ಸಿನಿಂದ ಊರು ಬಿಟ್ಟು ಹಿಂದೂಸ್ತಾನದಲ್ಲಿ ಬಾಳಿದ.